ಭಟ್ಟಿಯ ಚಿಲಕ ತೆಗೆಯದ ನಾಲ್ಕು ಗಂಟೆ

ದಿನ: ಯುಗಾದಿಯ ಮಾರನೆಯ ದಿನ, ಹೊಸತೊಡಕು. ಸಮಯ: ಬೆಳಗ್ಗೆ ಐದು ಗಂಟೆ ಹತ್ತು ನಿಮಿಷ. ಸ್ಥಳ: ಕೃಷ್ಣಮೂರ್ತಿಪುರಂ, ನಮ್ಮ ಮನೆಯ ಸ್ಕೂಟರ್ ಶೆಡ್ಡು. ಹಾಜರಿದ್ದವರು: ನಾನು; ನಮ್ಮ ಯಜಮಾನರು, ಅರ್ಧ ಎಚ್ಚರ; ಟರ್ಕಿ ಕೋಳಿ ಒಂದು, ತೂಕ ಐದೂವರೆ ಕೆಜಿ, ಉಪ್ಪುನೀರಿನ ಬಕೆಟ್ಟಿನಲ್ಲಿ. ರಾತ್ರಿಯೆಲ್ಲ ನೆಮ್ಮದಿಯಾಗಿತ್ತು. ಕೋಳಿಯ ವಿಷಯ ಹೇಳಿದೆ, ನನ್ನ ವಿಷಯವಲ್ಲ.

ಹೀಗೆ ಬರೆದುಕೊಳ್ಳದೆ ನನಗೆ ಯಾವ ಕೆಲಸವನ್ನೂ ಶುರು ಮಾಡಲು ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಕೊನೆಯ ಹನ್ನೊಂದು ವರ್ಷ ವಾರ್ಡಿನ ಹೆಡ್ ಸಿಸ್ಟರ್. ಒಬ್ಬರು ಡ್ಯೂಟಿ ಇಳಿದು ಇನ್ನೊಬ್ಬರು ಹತ್ತುವಾಗ ದಿನ, ಸಮಯ, ಯಾರಿದ್ದರು, ಯಾರ ಸ್ಥಿತಿ ಹೇಗೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ನಿವೃತ್ತಿಯಾಗಿ ಹತ್ತು ವರ್ಷವಾಯಿತು. ಡ್ಯೂಟಿ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಪುಸ್ತಕ ಮಾತ್ರ ಫ್ರಿಜ್ಜಿನ ಮೇಲಿದೆ. ಹಾಲು ಉಕ್ಕಿದ್ದು, ಗ್ಯಾಸ್ ಬದಲಾಯಿಸಿದ್ದು, ಎದುರುಮನೆ ನಾಯಿ ಮೂರು ಸಲ ಕೆಮ್ಮಿದ್ದು ಎಲ್ಲ ಅದರಲ್ಲಿದೆ. ಬರೆಯುವುದಕ್ಕಿಂತ ದೊಡ್ಡ ಚಟ ನೋಡುವುದು. ಕಾಲು ಗಂಟೆಗೊಮ್ಮೆ ಎದ್ದು ಹೋಗಿ ನೋಡಿ ಬರದಿದ್ದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಮಧ್ಯಾಹ್ನ ನಮ್ಮ ಯಜಮಾನರು ಮಲಗಿದರೆ ಬಾಗಿಲು ತೆಗೆದು, ‘ನಿದ್ದೆ ಬಂತೇನ್ರೀ?’ ಎಂದು ಕೇಳುತ್ತೇನೆ. ಇವರು ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕಣ್ಣು ಬಿಡದೆಯೇ ಹೇಳುತ್ತಾರೆ: ‘ಬಂದಿತ್ತು ಕಣೇ. ನೀನು ಹತ್ತಿದ ತಕ್ಷಣ ಇಳಿದುಹೋಯ್ತು.’

ಇನ್ನು ಹೊಸತೊಡಕಿನ ಮಾತು. ಯುಗಾದಿಯ ದಿನ ಬೇವುಬೆಲ್ಲ, ಒಬ್ಬಟ್ಟು, ಮಡಿ, ಮಾವಿನ ತೋರಣ ಎಲ್ಲ ಮುಗಿಸಿದ ನಮ್ಮ ಕಡೆಯ ಒಕ್ಕಲು ಮನೆತನಗಳು ಮಾರನೆಯ ದಿನ ಬಾಡೂಟಕ್ಕೆ ಕೂರುತ್ತವೆ. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬುದು ನಮ್ಮ ನಂಬಿಕೆ. ಹಾಗಾಗಿ ಅವತ್ತು ಯಾರೂ ಯಾರನ್ನೂ ಬೈಯುವುದಿಲ್ಲ. ಮಕ್ಕಳು ಲೋಟ ಒಡೆದರೆ, ‘ಒಡೀಲಿ ಬುಡು’ ಎಂದು ಹಲ್ಲು ಕಚ್ಚಿಕೊಂಡು ನಗುತ್ತೇವೆ. ಮಾರನೆಯ ದಿನ ಬೈಯುತ್ತೇವೆ. ಒಂದು ಹೊಸತೊಡಕಿನ ದಿನ ನಮ್ಮ ಯಜಮಾನರು ಬೆಳಗ್ಗೆಯಿಂದ ಕನ್ನಡಕ ಹುಡುಕಿದರು. ಆ ವರ್ಷ ಪೂರ್ತಿ ಹುಡುಕಿದರು. ಹಿಂದಿನ ವರ್ಷವೂ ಹುಡುಕಿದ್ದರು ಎಂಬುದು ಬೇರೆ ಮಾತು. ನಂಬಿಕೆಯ ಮುಂದೆ ಅದನ್ನೆಲ್ಲ ತೆಗೆಯಬಾರದು.

ನಮ್ಮ ಅತ್ತೆ ತೀರಿಕೊಂಡ ಮೇಲೆ ಈ ಊಟ ಇಪ್ಪತ್ತಾರು ವರ್ಷದಿಂದ ನಮ್ಮ ಮನೆಯಲ್ಲೇ ನಡೆದುಬಂದಿದೆ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಎಲೆ. ಬರುವವರಲ್ಲಿ ಮುಖ್ಯರಾದವರು ಯಜಮಾನರ ಅಕ್ಕ ಚಿಕ್ಕತಾಯಮ್ಮನವರು. ನಾನು ಅವರನ್ನು ಅತ್ತಿಗೆ ಎಂದೇ ಕರೆಯುವುದು. ಎಪ್ಪತ್ತೆಂಟು ವರ್ಷ. ವರುಣಾ ದಾರಿಯಲ್ಲಿ ಅವರ ಹಳ್ಳಿ. ಈಗ ಅವರ ಮಗ ಮಹದೇವ ಅಲ್ಲಿ ಟರ್ಕಿ ಕೋಳಿ ಸಾಕುತ್ತಾನೆ. ಈ ಟರ್ಕಿಗಳ ಮೇಲೆ ಅತ್ತಿಗೆಗೆ ಪ್ರಾಣ. ಒಂದೊಂದೂ ಮದುಮಗನ ಹಾಗೆ ಎದೆ ಉಬ್ಬಿಸಿಕೊಂಡು, ಕೆಂಪು ಜೋಲು ಅಲ್ಲಾಡಿಸಿಕೊಂಡು ನಡೆಯುವುದನ್ನು ಜಗಲಿಯ ಮೇಲೆ ಕೂತು ನೋಡುತ್ತಾರೆ. ಹಾಗೆ ನೋಡಿದ್ದನ್ನೇ ಹಬ್ಬಕ್ಕೆ ಕಳಿಸಿಕೊಡುತ್ತಾರೆ. ರೈತರ ಮನೆಯ ಪ್ರೀತಿ ಅಂಥದು, ಅದಕ್ಕೂ ಇದಕ್ಕೂ ಜಗಳವಿಲ್ಲ.

ಹೋದ ವರ್ಷ ಅವರ ಮನೆಯಿಂದ ಮೊದಲ ಟರ್ಕಿ ಬಂತು. ಕತ್ತರಿಸಿ ಸಾರು ಮಾಡಿ ಮುದ್ದೆ ಕಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ಜೊತೆ ಕೆಲಸ ಮಾಡಿದ ಫ್ಲೋರಿಯ ಮನೆಯಲ್ಲಿ ಒಂದು ಕ್ರಿಸ್ಮಸ್ಸಿಗೆ ಇಡೀ ಟರ್ಕಿಯನ್ನು ಸುಟ್ಟು ಮೇಜಿನ ನಡುವೆ ಇಟ್ಟಿದ್ದನ್ನು ನೋಡಿದ್ದೆ. ಜೇನುಬಣ್ಣ, ಮೇಲೆ ಬೆಣ್ಣೆಯ ಹೊಳಪು, ಚಾಕು ತಾಗಿಸಿದರೆ ರಸ. ‘ಅದೇನು ಮಹಾ, ಟೈಮಿಗೆ ಸರಿಯಾಗಿ ನೋಡಿಕೊಂಡರೆ ಆಯಿತು’ ಎಂದುಕೊಂಡೆ. ಹಾಗೆಂದುಕೊಂಡು ಮನೆಯ ಕರೆಂಟಿನ ಒಲೆಯಲ್ಲಿ, ಅದೇ ಓವನ್ನಿನಲ್ಲಿ, ಎರಡು ಭಾಗ ಮಾಡಿ ತುರುಕಿದೆ. ನೋಡಿಕೊಂಡೆ, ನೋಡಿಕೊಂಡೆ ಎಂದರೆ ಕಾಲು ಗಂಟೆಗೊಮ್ಮೆ ಬಾಗಿಲು ತೆಗೆದು ನೋಡಿಕೊಂಡೆ. ಮಗ್ಗುಲು ಬದಲಿಸಿದೆ. ಟೆಂಪರೇಚರ್ ಬರೆದೆ. ಚಾರ್ಟು ಬಹಳ ಚೆನ್ನಾಗಿ ಬಂತು. ಕೋಳಿ ತೆಂಗಿನ ನಾರಾಯಿತು.

ಎಲ್ಲರೂ ತಿಂದರು, ಬಹಳ ನೀರು ಕುಡಿದರು. ಬಾಯಲ್ಲಿ ಹಲ್ಲಿದ್ದವರಿಗೆ ಅದೊಂದು ಕಸರತ್ತು. ಅತ್ತಿಗೆಗೆ ಆಗ ಹಲ್ಲಿರಲಿಲ್ಲ. ಒಂದು ತುಂಡು ಬಾಯಿಗಿಟ್ಟುಕೊಂಡು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಬಹಳ ಹೊತ್ತು ಹೊರಳಿಸಿದರು. ಆಮೇಲೆ ಯಾರೂ ನೋಡುತ್ತಿಲ್ಲ ಎಂದುಕೊಂಡು ಮೆಲ್ಲಗೆ ಸೆರಗಿನ ತುದಿಗೆ ತೆಗೆದು ಗಂಟು ಹಾಕಿಕೊಂಡರು. ನೋಡುವುದೇ ಉದ್ಯೋಗವಾಗಿದ್ದ ನಾನು ನೋಡಿದೆ. ಅವರೇ ಕಾಳು ಹಾಕಿ ಸಾಕಿದ ಕೋಳಿ ಅದು. ಹೊರಡುವಾಗ ನನ್ನ ಕೈ ಹಿಡಿದು, ‘ಮುಂದ್ಲೊರ್ಸ ನಮ್ಮಟ್ಟೀಲೇ ಮಾಡನ ಕಣವ್ವ ಜಯಾ. ನೀನು ಸುಮ್ನೆ ಬಂದು ಕೂತ್ಕೊ. ವಯಸ್ಸಾಯ್ತಲ್ಲ’ ಎಂದರು. ಅವರಿಗಿಂತ ಎಂಟು ವರ್ಷ ಚಿಕ್ಕವಳು ನಾನು. ಕೇಳಿದವರಿಗೆ ಅದು ಅಕ್ಕರೆಯ ಮಾತು. ಸರ್ಕಾರಿ ನೌಕರಿ ಮಾಡಿದವಳಿಗೆ ವರ್ಗಾವಣೆ ಆದೇಶ ಹೇಗಿರುತ್ತದೆಂದು ಗೊತ್ತು.

ಆ ವರ್ಷ ನಮ್ಮ ಮನೆಯಲ್ಲಿ ಚಪಾತಿ ಹಪ್ಪಳವಾಯಿತು, ಇಡ್ಲಿ ಕಲ್ಲಾಯಿತು. ‘ಹೊಸತೊಡಕಿನ ದಿನ ಒಣಗಿಸಿದ್ದೀಯಲ್ಲ, ಇನ್ನೇನು’ ಎಂದು ಯಜಮಾನರು ಮೊಸರು ಕಲಸಿಕೊಳ್ಳುತ್ತಿದ್ದರು. ಯುಗಾದಿ ಹತ್ತಿರ ಬಂದಾಗ ನಾನೇ ಅತ್ತಿಗೆಗೆ ಫೋನ್ ಮಾಡಿ, ‘ಇದೊಂದು ಸಲ ಅವಕಾಶ ಕೊಡಿ’ ಎಂದೆ. ‘ಆಗ್ಲಿ. ಈ ಸಲ ನಾನು ಅಲ್ಲು ಕಟ್ಟಿಸ್ಕೊಂಡೇ ಬತ್ತೀನಿ’ ಎಂದರು. ನಿಜವಾಗಿ ಕಟ್ಟಿಸಿಕೊಂಡರು ಕೂಡ. ನನ್ನ ಅಡುಗೆಗೆ ಹೆದರಿ ಹಲ್ಲಿನ ಡಾಕ್ಟರ ಹತ್ತಿರ ಹೋದ ಹೆಣ್ಣುಮಗಳು ಮೈಸೂರು ಸೀಮೆಯಲ್ಲಿ ಅವರೊಬ್ಬರೇ ಇರಬೇಕು.

ಫ್ಲೋರಿಗೆ ಫೋನ್ ಮಾಡಿದೆ. ‘ಮೂರೇ ವಿಷಯ ಸಿಸ್ಟರ್’ ಎಂದಳು. ‘ಉಪ್ಪುನೀರು, ಬೆಣ್ಣೆ, ತಾಳ್ಮೆ. ಮೊದಲಿನ ಎರಡು ನಿಮ್ಮ ಹತ್ತಿರ ಇವೆ. ಮೂರನೆಯದನ್ನ ಯಾರ ಹತ್ತಿರಾನಾದ್ರೂ ಇಸ್ಕೊಳ್ಳಿ.’ ರಾತ್ರಿಯೆಲ್ಲ ಉಪ್ಪುನೀರಿನಲ್ಲಿ ನೆನೆದರೆ ಮಾಂಸ ನೀರು ಹಿಡಿದಿಟ್ಟುಕೊಳ್ಳುತ್ತದಂತೆ. ಉಪ್ಪುನೀರಿನ ವಿಷಯ ನನಗೆ ಹೇಳಿಕೊಡುವುದೇ ಎಂದು ಅಳತೆ ಕೇಳಿದೆ. ಅವಳು ಹೇಳಿದ ಅಳತೆಯನ್ನು ರೋಗಿಗೆ ಡ್ರಿಪ್ಪಿನಲ್ಲಿ ಏರಿಸಿದ್ದರೆ ನಾವಿಬ್ಬರೂ ಜೈಲಿನಲ್ಲಿ ಭೇಟಿಯಾಗಬೇಕಿತ್ತು. ಕೋಳಿಗೆ ನಡೆಯುತ್ತದೆ ಎಂದಳು. ಕೊನೆಗೆ ಒಂದು ಮಾತು ಸೇರಿಸಿದಳು: ‘ಮನೆ ಒಲೇಲಿ ಮಾಡ್ಬೇಡಿ. ನೀವು ತೆಗೆದು ನೋಡ್ತೀರ. ನಿಮ್ಮ ಕೈಗೆ ಸಿಗದ ಕಡೆ ಇಡಿ.’

ಕೈಗೆ ಸಿಗದ ಕಡೆ ಎಂದರೆ ಉದಯಗಿರಿಯ ರಹಮತ್ ಸಾಹೇಬರ ಬೇಕರಿ. ಸೌದೆಯ ಭಟ್ಟಿ, ಒಂದು ಕೋಣೆಯಷ್ಟು ದೊಡ್ಡದು. ಹಿಂದೊಮ್ಮೆ ಸಾಹೇಬರು ಅಪೆಂಡಿಕ್ಸ್ ಆಪರೇಷನ್ನಾಗಿ ನನ್ನ ವಾರ್ಡಿನಲ್ಲಿ ಮಲಗಿದ್ದವರು. ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸಿ ಟೆಂಪರೇಚರ್ ನೋಡಿದವಳನ್ನು ಯಾರೂ ಮರೆಯುವುದಿಲ್ಲ. ‘ಬನ್ನಿ ಅಮ್ಮಾ, ಟರ್ಕಿ ಏನು ಮಹಾ, ಮದುವೆಗೆ ಇಡೀ ಕುರಿ ಇಟ್ಟಿದೀವಿ’ ಎಂದರು. ಕುಯ್ಯುವವರು ತಮ್ಮ ಪೈಕಿಯವರಾಗಬೇಕು ಎಂಬುದೊಂದೇ ಷರತ್ತು. ಮಹದೇವನ ಹಳ್ಳಿಯಲ್ಲಿ ಕುಯ್ಯುವವರು ಯಾವತ್ತೂ ಅವರೇ ಆದ್ದರಿಂದ ಅದು ಷರತ್ತೂ ಆಗಲಿಲ್ಲ. ಹೊಸತೊಡಕಿನ ದಿನ ಒಂಬತ್ತು ಗಂಟೆಗೆ ಭಟ್ಟಿಗೆ, ಹನ್ನೆರಡೂವರೆಗೆ ಹೊರಗೆ, ಒಂದಕ್ಕೆ ಎಲೆ. ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅಂಟಿಸುವಾಗ, ಚಂದ್ರನ ಒಪ್ಪಿಗೆ ಪಡೆಯಬೇಕೆಂಬುದು ಹೊಳೆಯಲಿಲ್ಲ.

ಯುಗಾದಿಯ ಸಂಜೆ ಅಮಾವಾಸ್ಯೆ ಕಳೆದ ಎಳೆ ಚಂದ್ರನನ್ನು ನೋಡುವ ಪದ್ಧತಿ ನಮ್ಮದು. ತಾರಸಿಯ ಮೇಲೆ ನಿಂತು ನಾನೂ ಯಜಮಾನರೂ ಪಶ್ಚಿಮಕ್ಕೆ ಮುಖ ಮಾಡಿ ಹುಡುಕುತ್ತಿದ್ದೆವು. ತೆಂಗಿನ ಗರಿಯ ಪಕ್ಕದಲ್ಲಿ ಉಗುರು ಕತ್ತರಿಸಿ ಎಸೆದಂತೆ ಕಂಡಿತು. ಕೈ ಮುಗಿದು ಕೆಳಗಿಳಿಯುವಷ್ಟರಲ್ಲಿ ಫೋನು. ರಹಮತ್ ಸಾಹೇಬರು. ‘ಅಮ್ಮಾ, ಚಾಂದ್ ಕಂಡ್ಬುಡ್ತು! ನಾಳೆನೇ ಈದ್. ಅಂಗಡಿ ರಜ ಕಣಮ್ಮ!’ ಅವರೂ ಅದೇ ಹೊತ್ತಿಗೆ ಅವರ ತಾರಸಿಯ ಮೇಲೆ ನಿಂತು ಅದೇ ಉಗುರನ್ನು ಹುಡುಕುತ್ತಿದ್ದರಂತೆ. ಮೂವತ್ತು ಉಪವಾಸ ಆಗಬಹುದು, ಈದ್ ನಾಡಿದ್ದು ಎಂದು ಅವರ ಲೆಕ್ಕ; ಚಂದ್ರ ಒಂದು ದಿನ ಮೊದಲೇ ಡ್ಯೂಟಿಗೆ ಬಂದಿದ್ದ. ಹಬ್ಬದ ಶುಭಾಶಯ ಹೇಳಬೇಕಾದವಳು, ‘ಹಾಗಾದರೆ ನನ್ನ ಕೋಳಿ?’ ಎಂದೆ. ಸಾಹೇಬರು ನಕ್ಕರು. ‘ರಾತ್ರಿಯೆಲ್ಲ ಶೀರ್ಮಾಲು ರೊಟ್ಟಿ, ಬನ್ನು ಸುಡ್ತೀವಿ. ಬೆಳಿಗ್ಗೆ ಭಟ್ಟಿ ಬಿಸಿ ಇರುತ್ತೆ. ಆರು ಗಂಟೆಗೆ ತನ್ನಿ. ಒಳಗಿಟ್ಟು ನಾನು ನಮಾಜಿಗೆ ಹೋಗಿ ಒಂಬತ್ತೂವರೆಗೆ ಬಂದು ತೆಗೀತೀನಿ.’ ‘ಮಧ್ಯೆ ಯಾರು ನೋಡ್ಕೋತಾರೆ?’ ಎಂದೆ. ‘ಯಾರೂ ನೋಡಲ್ಲ’ ಎಂದರು, ಅದು ಬಹಳ ಸಂತೋಷದ ವಿಷಯವೆನ್ನುವಂತೆ.

ಅಷ್ಟರಲ್ಲಿ ಮಹದೇವ ತನ್ನ ಕೋಳಿಫಾರಮ್ಮಿನ ಫ್ರಿಜ್ಜಿನಲ್ಲಿಟ್ಟಿದ್ದ ಕೋಳಿಯನ್ನು ತಂದ. ಯುಗಾದಿಯ ದಿನ ಮಾಂಸ ಹೊಸ್ತಿಲು ದಾಟುವಂತಿಲ್ಲ. ಸ್ಕೂಟರನ್ನು ಹೊರಗೆ ನಿಲ್ಲಿಸಿ ಶೆಡ್ಡನ್ನು ಪ್ರತ್ಯೇಕ ವಾರ್ಡು ಮಾಡಿದೆವು. ಹೊಸ ಬಕೆಟ್ಟು, ಉಪ್ಪುನೀರು, ಸುತ್ತ ಮಂಜುಗಡ್ಡೆ, ಮೇಲೆ ಭಾರಕ್ಕೆ ರುಬ್ಬುಗಲ್ಲಿನ ಗುಂಡು. ‘ಅತ್ತೆ, ಅವ್ವ ಊರಲ್ಲೆಲ್ಲ ಹೇಳ್ಬುಟ್ಟವ್ಳೆ, ನಮ್ ಕೋಳಿ ನಾಳೆ ಮೈಸೂರಲ್ಲಿ ಭಟ್ಟೀಲಿ ಬೇಯ್ತದೆ ಅಂತ. ಈ ಸಲ ವಸಿ ನೋಡ್ಕೊಂಡು ಮಾಡಿ’ ಎಂದ. ನೋಡಿಕೊಂಡು ಮಾಡಿದ್ದೇ ಹೋದ ವರ್ಷದ ತಪ್ಪು ಎಂದು ಅವನಿಗೆ ಹೇಗೆ ಹೇಳುವುದು.

ಬೆಳಗ್ಗೆ ಐದೂ ಹತ್ತಕ್ಕೆ ಕೋಳಿಯನ್ನು ಎತ್ತಿ ಒರೆಸಿದೆ. ಕೈಗೆ ಗ್ಲೌಸು. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಪುದೀನ, ಕರಿಮೆಣಸು ರುಬ್ಬಿ ಬೆಣ್ಣೆಯಲ್ಲಿ ಕಲಸಿದ್ದೆ. ಎದೆಯ ಚರ್ಮವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿ ಒಳಗೆಲ್ಲ ಸವರಿದೆ. ಹೊಟ್ಟೆಗೆ ಈರುಳ್ಳಿ, ನಿಂಬೆಹಣ್ಣು, ಎರಡು ಪಲಾವಿನ ಎಲೆ. ತೊಡೆಗೆ ಸಿರಿಂಜಿನಲ್ಲಿ ಕರಗಿದ ಬೆಣ್ಣೆ ಕೊಡುವಾಗ ಅಭ್ಯಾಸಬಲದಿಂದ ಮೊದಲು ಹತ್ತಿಯಿಂದ ಒರೆಸಿದೆ. ಯಜಮಾನರು, ‘ನೋವಾಗಲ್ಲ, ಸೊಳ್ಳೆ ಕಚ್ಚಿದಂಗೆ ಅಂತಾನೂ ಹೇಳ್ಬುಡು’ ಎಂದರು. ಹೊಸತೊಡಕು, ಬೈಯುವಂತಿಲ್ಲ.

ಆಟೋದಲ್ಲಿ ಕೋಳಿ ನನ್ನ ತೊಡೆಯ ಮೇಲೆ. ಉದಯಗಿರಿಯ ಬೀದಿಗಳಲ್ಲಿ ಆಗಲೇ ಬಿಳಿ ಜುಬ್ಬಾಗಳು, ಅತ್ತರಿನ ಪರಿಮಳ. ಬೇಕರಿಯ ಹಿಂದಿನ ಅಂಗಳದಲ್ಲಿ ರಹಮತ್ ಸಾಹೇಬರು ಸ್ನಾನ ಮಾಡಿ ಹೊಸ ಬಟ್ಟೆಯ ಮೇಲೆ ಹಳೆಯ ಏಪ್ರನ್ನು ಕಟ್ಟಿಕೊಂಡು ನಿಂತಿದ್ದರು. ಕೋಳಿಯನ್ನು ಆಳವಾದ ತಟ್ಟೆಯಲ್ಲಿಟ್ಟು, ಮೇಲೊಂದು ತಟ್ಟೆ ಬೋರಲು ಹಾಕಿ, ಸುತ್ತಲೂ ಮೈದಾ ಹಿಟ್ಟಿನ ಹಗ್ಗ ಮಾಡಿ ಒತ್ತಿ ಮುಚ್ಚಿದರು. ನಾನು ತಟ್ಟೆಯ ಹತ್ತಿರಕ್ಕೆ ಬಗ್ಗಿದೆ. ‘ಸಾಹೇಬ್ರೇ, ಹೀಗೆ ಮುಚ್ಚಿದ್ರೆ ಒಳಗೇನಾಗ್ತಿದೆ ಅಂತ ಗೊತ್ತಾಗೋದು ಹೇಗೆ?’

‘ಗೊತ್ತಾಗಲ್ಲ ಅಮ್ಮಾ.’

‘ಮಧ್ಯೆ ಒಂದ್ಸಲ ತಿರುಗಿಸಬೇಡ್ವಾ?’

‘ಬೇಡ.’

‘ಬಣ್ಣ?’

‘ಕೊನೇಲಿ ಹಿಟ್ಟು ಒಡೆದು ಎರಡು ಸೌದೆ ಹಾಕಿದ್ರೆ ಬಣ್ಣ ತಾನಾಗೇ ಬರುತ್ತೆ. ನೋಡಿ ಅಮ್ಮಾ, ಆಸ್ಪತ್ರೇಲಿ ನೀವು ಹೇಳಿದಂಗೆ ನಾನು ಕೇಳ್ದೆ. ಕೆಮ್ಮು ಅಂದ್ರೆ ಕೆಮ್ದೆ. ಇಲ್ಲಿ ನಾನು ಸಿಸ್ಟರು, ನೀವು ಪೇಷೆಂಟು.’ ಉದ್ದನೆಯ ಮರದ ಸಲಿಕೆಯಿಂದ ತಟ್ಟೆಯನ್ನು ಭಟ್ಟಿಯ ಒಳಕ್ಕೆ ತಳ್ಳಿ, ಕಬ್ಬಿಣದ ಬಾಗಿಲು ಮುಚ್ಚಿ, ಚಿಲಕ ಹಾಕಿದರು. ಆರು ಗಂಟೆ ಇಪ್ಪತ್ತು ನಿಮಿಷ. ‘ಬೀಗ ಹಾಕಲ್ಲ ಕಣಮ್ಮ. ನೀವು ದೊಡ್ಡೋರು’ ಎಂದು ಹೇಳಿ, ಏಪ್ರನ್ನು ಬಿಚ್ಚಿ, ಟೋಪಿ ಸರಿಮಾಡಿಕೊಂಡು ನಮಾಜಿಗೆ ಹೊರಟುಹೋದರು. ಬೀಗ ಹಾಕಿದ್ದರೆ ನನಗೆ ಎಷ್ಟೋ ಸುಖವಿತ್ತು.

ಅಂಗಳದಲ್ಲಿ ಒಂದು ಬೆಂಚು. ಬೆಂಚಿನ ಮೇಲೆ ಯಜಮಾನರು, ನಾನು, ನನ್ನ ಪುಸ್ತಕ. ಪುಸ್ತಕದಲ್ಲಿ ಸಮಯ, ಸ್ಥಿತಿ, ಸಹಿ ಎಂದು ಗೆರೆ ಎಳೆದು ಸಿದ್ಧ. ಆರೂವರೆ ಆಯಿತು. ಆರೂ ಮುಕ್ಕಾಲು ಆಯಿತು. ಬರೆಯಲು ಏನೂ ಇಲ್ಲ. ಬಾಗಿಲು ಕಬ್ಬಿಣದ್ದು, ಅದರ ಸ್ಥಿತಿ ಕಬ್ಬಿಣದ್ದೇ. ವಾಸನೆ ಕೂಡ ಬರುತ್ತಿಲ್ಲ. ಏಳಕ್ಕೆ ಎದ್ದು ನಿಂತೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ, ಬಸ್ಸು ನಿಲ್ಲಿಸುವ ದನಿಯಲ್ಲಿ, ‘ಹೋಲ್ಡಾನ್’ ಎಂದರು. ಕೂತೆ.

ಏಳೂ ಮುಕ್ಕಾಲಿಗೆ ಮತ್ತೆ ಎದ್ದೆ. ಈ ಸಲ ನಾಲ್ಕು ಹೆಜ್ಜೆ ಹೋಗಿದ್ದೆ. ಮನೆಯೊಳಗಿಂದ ಸಾಹೇಬರ ಹೆಂಡತಿ ಜುಲೇಖಾ ಎರಡು ಬಟ್ಟಲು ಸುರ್ಕುಂಬಾ ಹಿಡಿದು ಬಂದರು. ಬಿಸಿ ಹಾಲು, ಶಾವಿಗೆ, ಖರ್ಜೂರ, ದ್ರಾಕ್ಷಿ. ‘ತಗೊಳ್ಳಿ ಸಿಸ್ಟರಮ್ಮ. ನೀವು ಎದ್ದು ಹೋಗ್ತೀರ ಅಂತ ಇವರು ಹೇಳಿ ಹೋಗಿದಾರೆ. ಎದ್ದಾಗೆಲ್ಲ ಏನಾದ್ರೂ ತಿನ್ನೋಕೆ ಕೊಡು ಅಂದ್ರು’ ಎಂದು ನಕ್ಕರು. ನನ್ನ ಚಿಕಿತ್ಸೆ ಬರೆದಿಟ್ಟು ಹೋಗಿದ್ದರು ಸಾಹೇಬರು. ಬಟ್ಟಲು ಖಾಲಿ ಮಾಡಿ ಕೂತೆ. ಎಂಟಕ್ಕೆ ಎದ್ದೆ, ಶೀರ್ಮಾಲು ಬಂತು. ಎಂಟೂಕಾಲಿಗೆ ಎದ್ದೆ, ಚಹಾ ಬಂತು. ಯಜಮಾನರು, ‘ಏಳು ಕಣೇ, ಏಳು, ಇನ್ನೊಂದು ಸಲ ಏಳು’ ಎಂದು ಹುರಿದುಂಬಿಸತೊಡಗಿದರು.

ಒಂಬತ್ತಕ್ಕೆ ಜುಲೇಖಾ ನೆಂಟರನ್ನು ಮಾತಾಡಿಸಲು ಒಳಗೆ ಹೋದರು. ಯಜಮಾನರು ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಬೆಂಚಿನಲ್ಲೇ ನಿದ್ದೆ ಹೋದರು. ಅಂಗಳದಲ್ಲಿ ನಾನೊಬ್ಬಳೇ. ಈ ಸಲ ಸೀದಾ ಹೋದೆ. ಚಿಲಕದ ಮೇಲೆ ಸೆರಗು ಹಾಕಿ ಕೈ ಇಟ್ಟೆ. ಬರೀ ಒಂದು ಇಂಚು. ಒಂದು ಇಂಚಿಗೆ ಏನಾಗುತ್ತದೆ? ಹೋದ ವರ್ಷವೂ ಪ್ರತಿ ಸಲ ಹಾಗೆಯೇ ಅಂದುಕೊಂಡಿದ್ದೆ. ಕೈಯಲ್ಲಿ ಸೆರಗು ನೋಡಿದಾಗ ಇನ್ನೊಂದು ಸೆರಗು ನೆನಪಾಯಿತು, ತುದಿಯಲ್ಲಿ ಗಂಟು ಹಾಕಿದ್ದು. ಆ ಗಂಟನ್ನು ಅತ್ತಿಗೆ ಊರಿನ ತನಕ ಹೊತ್ತುಕೊಂಡು ಹೋಗಿರಬೇಕು, ನನ್ನ ಮನೆಯ ಕಸದ ಬುಟ್ಟಿಗೆ ಹಾಕಿದರೆ ನನಗೆ ಗೊತ್ತಾಗುತ್ತದೆ ಎಂದು. ಕೈ ತೆಗೆದೆ. ಬೆಂಚಿಗೆ ಬಂದು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಮೊದಲ ವರ್ಷದ ಟ್ರೈನಿಂಗಿನಲ್ಲಿ ಮೇಟ್ರನ್ ಮುಂದೆ ಹಾಗೆ ಕೂರುತ್ತಿದ್ದೆ.

ಒಂಬತ್ತೂವರೆಗೆ ಸಾಹೇಬರು ಬರಲಿಲ್ಲ. ಒಂಬತ್ತೂ ಮುಕ್ಕಾಲಿಗೂ ಇಲ್ಲ. ಹತ್ತು ಗಂಟೆಗೆ ನನ್ನ ಕಣ್ಣಿಗೆ ತೆಂಗಿನ ನಾರು ಕಾಣತೊಡಗಿತು. ಇವರನ್ನು ಎಬ್ಬಿಸಿ, ‘ಅರ್ಧ ಗಂಟೆ ಹೆಚ್ಚಾಯ್ತು, ಮುಗೀತು’ ಎಂದೆ. ‘ಬಸ್ಸು ಲೇಟಾದ್ರೆ ಊರು ಓಡಿಹೋಗಲ್ಲ ಕಣೇ’ ಎಂದರು. ಹತ್ತೂ ಇಪ್ಪತ್ತಕ್ಕೆ ಸಾಹೇಬರು ಬಂದರು. ದಾರಿಯುದ್ದಕ್ಕೂ ಅಪ್ಪಿಕೊಂಡವರನ್ನೆಲ್ಲ ಅಪ್ಪಿಕೊಂಡು ಜುಬ್ಬಾ ಮುದ್ದೆಯಾಗಿತ್ತು. ಮೊದಲು ಯಜಮಾನರನ್ನು ಮೂರು ಸಲ ಅಪ್ಪಿಕೊಂಡರು. ಮೂರನೆಯ ಸಲ ಮುಗಿಯುವ ತನಕ ನಾನು ಎಣಿಸುತ್ತ ನಿಂತಿದ್ದೆ. ತಟ್ಟೆ ಹೊರಗೆ ಎಳೆದು ಹಿಟ್ಟನ್ನು ಒಡೆದರು. ಅಂಗಳವೆಲ್ಲ ಪುದೀನ, ಬೆಣ್ಣೆ, ಮೆಣಸು. ತಟ್ಟೆಯಲ್ಲಿ ಎರಡು ಬೆರಳಿನಷ್ಟು ರಸ ಗುಳುಗುಳು ಎನ್ನುತ್ತಿತ್ತು. ರಸವನ್ನೇ ಸೌಟಿನಿಂದ ಮೇಲೆ ಹೊಯ್ದು, ಸೌದೆ ಹಾಕಿ, ಮತ್ತೆ ಒಳಗಿಟ್ಟರು. ಹತ್ತೂ ನಲವತ್ತಕ್ಕೆ ಹೊರಗೆ ಬಂದಾಗ ಫ್ಲೋರಿಯ ಮನೆಯ ಮೇಜಿನ ಮೇಲಿದ್ದ ಅದೇ ಜೇನುಬಣ್ಣ. ‘ಮನೆಗೆ ಹೋದ ತಕ್ಷಣ ಕುಯ್ಯಬೇಡಿ. ಅದಕ್ಕೂ ವಸಿ ರೆಸ್ಟ್ ಬೇಕು’ ಎಂದು ಸಾಹೇಬರು ಹೇಳಿದರು. ಆಪರೇಷನ್ ಮುಗಿದವರಿಗೆ ನಾನು ಹೇಳುತ್ತಿದ್ದ ಮಾತು ಅದು.

ಒಂದು ಗಂಟೆಗೆ ಸರಿಯಾಗಿ ಎಲೆ ಬಿತ್ತು. ಅತ್ತಿಗೆ ನಡುವೆ ಕೂತಿದ್ದರು, ಬಾಯಿ ತುಂಬ ಹೊಸ ಹಲ್ಲು. ಅದರ ಅಭ್ಯಾಸವಿಲ್ಲದ್ದರಿಂದ ಯಾರ ಮೇಲೋ ಕೋಪ ಮಾಡಿಕೊಂಡವರ ಹಾಗೆ ಕಾಣುತ್ತಿದ್ದರು. ನಾನು ಎದೆಯ ಭಾಗವನ್ನು ತೆಳ್ಳಗೆ ಕುಯ್ದು, ಮೇಲೆ ರಸ ಹಾಕಿ ಮೊದಲು ಅವರ ಎಲೆಗೇ ಬಡಿಸಿದೆ. ಮಹದೇವ ತಿನ್ನುವುದು ಬಿಟ್ಟು ಅವ್ವನ ಮುಖ ನೋಡಿದ. ಯಜಮಾನರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು. ನಾನು ಅವರ ಸೆರಗನ್ನೇ ನೋಡುತ್ತಿದ್ದೆ. ಅತ್ತಿಗೆ ಒಂದು ತುಂಡು ಬಾಯಿಗಿಟ್ಟರು. ಆ ಕಡೆಗೊಮ್ಮೆ ಹೊರಳಿಸಿದರು. ಅಲ್ಲಿಗೆ ನಿಲ್ಲಿಸಿದರು. ಎಡಗೈಯನ್ನು ಬಾಯಿಗೆ ಒಯ್ದರು. ಹಲ್ಲಿನ ಸೆಟ್ಟನ್ನು ಲಟಕ್ಕನೆ ಹೊರಗೆ ತೆಗೆದು, ಪಕ್ಕದ ನೀರಿನ ಲೋಟದೊಳಗೆ ಹಾಕಿ, ಇನ್ನೊಂದು ದೊಡ್ಡ ತುಂಡನ್ನು ಬಾಯಿಗಿಟ್ಟುಕೊಂಡರು.

‘ಇದ್ಕೆ ಅಲ್ಲು ಯಾಕವ್ವ ಬೇಕು?’ ಎಂದರು. ‘ಬೆಣ್ಣೆ ಕಣೋ ಮಾದೇವ, ಬೆಣ್ಣೆ! ಸುಮ್ಸುಮ್ನೆ ಡಾಕ್ಟ್ರತ್ರ ಬಾಯಿ ತಗ್ದು ಕೂತ್ಕೊಂಡೆನಲ್ಲ ಮೂರ್ ದಿನ!’

ಮಹದೇವ ನಗಲಿಕ್ಕೆ ಶುರು ಮಾಡಿದವನು ಕೆಮ್ಮುವ ತನಕ ನಕ್ಕ. ಅತ್ತಿಗೆ ನಾಲ್ಕು ಸಲ ಹಾಕಿಸಿಕೊಂಡರು. ತೊಡೆಯ ಮೂಳೆಯನ್ನು ಬಿಡಿಸಿಕೊಡೆಂದು ಕೇಳಿ ಅದನ್ನೂ ಚೀಪಿದರು. ಲೋಟದೊಳಗಿನ ಹಲ್ಲು ನಮ್ಮನ್ನೆಲ್ಲ ನೋಡಿ ನಗುತ್ತಿತ್ತು. ಕೈ ತೊಳೆದು ಬಂದು ಎಲೆಯಡಿಕೆ ಕುಟ್ಟಿಕೊಳ್ಳುತ್ತ, ‘ಮುಂದ್ಲೊರ್ಸ ಎರಡು ಕಳಿಸ್ತೀನಿ, ಇಲ್ಗೇ’ ಎಂದರು. ಆದೇಶ ರದ್ದಾಯಿತು. ನನಗೆ ಕಣ್ಣಲ್ಲಿ ನೀರು ಬಂತು. ಹೊಸತೊಡಕಿನ ದಿನ ಅಳಬಾರದೆಂದು ಈರುಳ್ಳಿಯ ಮೇಲೆ ಹಾಕಿದೆ. ಅತ್ತಿಗೆ ಬಿಡಲಿಲ್ಲ. ‘ಅದೆಂಗೆ ಮಾಡ್ದೆ, ಅದ್ನೇಳು’ ಎಂದರು.

ನಾನು ಉಪ್ಪುನೀರು, ಬೆಣ್ಣೆ, ಹಿಟ್ಟಿನ ಹಗ್ಗ ಎಂದೆಲ್ಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಜಮಾನರು, ‘ಏನೂ ಮಾಡಲಿಲ್ಲ ಅಕ್ಕ. ನಾಲ್ಕು ಗಂಟೆ ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಸುಮ್ಮನೆ ಕೂತಿದ್ಲು. ಅಷ್ಟೇ’ ಎಂದರು.

‘ಅಂಗಾರೆ ಒಳ್ಳೇದಾಯ್ತು ಬುಡು’ ಎಂದು ಅತ್ತಿಗೆ ತೀರ್ಪು ಕೊಟ್ಟರು. ‘ಒಸತೊಡಕಿನ ದಿನ ಸುಮ್ನೆ ಕೂತಿದ್ದೀಯ. ಇನ್ನು ವರ್ಸವೆಲ್ಲ ಸುಮ್ನೆ ಕೂತ್ಕೊತೀಯ.’ ನಮ್ಮ ಯಜಮಾನರು ಎರಡೂ ಕೈ ಎತ್ತಿ ಮೇಲೆ ನೋಡಿ ನಮಸ್ಕಾರ ಮಾಡಿದರು. ನಿನ್ನೆ ಚಂದ್ರನಿಗೂ ಅಷ್ಟು ಭಕ್ತಿಯಿಂದ ಕೈ ಮುಗಿದಿರಲಿಲ್ಲ.

ಎರಡೂವರೆಗೆ ನೆಂಟರು ಹೊರಟರು. ಹಲ್ಲನ್ನು ಲೋಟ ಸಮೇತ ಮಹದೇವನ ಕೈಗೆ ಕೊಟ್ಟೆ. ಸಾಹೇಬರ ತಟ್ಟೆಗಳನ್ನು ತಿಕ್ಕಿ ಒರೆಸಿ, ಒಂದರಲ್ಲಿ ಯುಗಾದಿಯ ಒಬ್ಬಟ್ಟು, 
ಇನ್ನೊಂದರಲ್ಲಿ ಟರ್ಕಿಯ ಒಂದು ಪಾಲು ಇಟ್ಟು, ಸಂಜೆ ಕೊಂಡೊಯ್ಯಲು ಕಟ್ಟಿದೆ. ಯಜಮಾನರು ಮಲಗಲು ಹೋದರು. ನಾನು ಪುಸ್ತಕ ತೆಗೆದೆ. ಆರೂ ಇಪ್ಪತ್ತರಿಂದ ಹತ್ತೂ ನಲವತ್ತರವರೆಗೆ ಎಲ್ಲ ಸಾಲೂ ಖಾಲಿ. ಖಾಲಿ ಸಾಲು ಬಿಟ್ಟ ಹುಡುಗಿಯರನ್ನು ನಾನು ಎಷ್ಟು ಸಲ ಬೈದಿದ್ದೇನೋ. ಸುಳ್ಳು ಬರೆಯುವ ಅಭ್ಯಾಸವೂ ಇಲ್ಲ. ಉದ್ದಕ್ಕೆ ಒಂದು ಗೆರೆ ಎಳೆದು, ‘ನೋಡಲಿಲ್ಲ. ಚೆನ್ನಾಗಿತ್ತು’ ಎಂದು ಬರೆದು ಸಹಿ ಹಾಕಿದೆ. ಆಮೇಲೆ ಆ ಪುಟದಲ್ಲಿ ಉಳಿದ ಎರಡು ಸಾಲನ್ನೂ ತುಂಬಿಸಿ ಪುಸ್ತಕ ಮುಚ್ಚಿ ಫ್ರಿಜ್ಜಿನ ಮೇಲಿಟ್ಟೆ. ಅವು ಹೀಗಿವೆ:

ಮಧ್ಯಾಹ್ನ ಮೂರೂ ಕಾಲು: ಯಜಮಾನರು ಮಲಗಿದ್ದಾರೆ. ಬಾಗಿಲು ತೆಗೆದು ನೋಡಲಿಲ್ಲ.

ಮೂರೂವರೆ: ನೋಡಿದೆ. ನಿದ್ದೆ ಬಂತೇನ್ರೀ ಎಂದು ಕೇಳಿದೆ. ಬಂದಿತ್ತಂತೆ.